ಓಣಿ ಅಳತಿಯ ಕರಾಟೆ

ಕರಾಟೆ ಕಲಿಸೋ ಹೆಣ್ಣಮಗಳು ಅಂದ್ರ ಜನ ಮೊದಲು ನನ್ನ ಕೈ ನೋಡ್ತಾರ, ಆಮ್ಯಾಲೆ ಮಕಾ ನೋಡ್ತಾರ, ಆಮ್ಯಾಲೆ "ಖರೇನಾ?" ಅಂತ ಕೇಳ್ತಾರ. ಖರೇ ಐತ್ರಿ. ಭಾಗ್ಯನಗರದ ದರ್ಜಿ ಮಗಳು ನಾನು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಅಂತ ಸಾಲಿಯಿಂದ ಸಾಲಿಗೆ ಅಡ್ಯಾಡಿ ಹುಡುಗೇರಿಗೆ ಹೊಡಿಯೋದು, ಬಿಡಿಸ್ಕೊಳ್ಳೋದು, ಓಡೋದು ಕಲಿಸ್ತೀನಿ. ಇಷ್ಟು ವರ್ಷದಾಗ ನನ್ನ ಹೊಡಿಯಾಕ ಬಂದವರು ಯಾರೂ ಇಲ್ಲ. ನಗಸಾಕ ಬಂದವರು ಮಾತ್ರ ವಾರಕ್ಕ ಒಬ್ಬರಾದ್ರೂ ಸಿಗ್ತಾರ. ನಾ ಸಿಟ್ಟಿನ ಹೆಂಗಸು, ಆದ್ರೂ ಇಂಥಾ ಕಡೆ ಸಿಟ್ಟು ಎಲ್ಲಿ ಹೋಗಿ ಕುಂದರ್ತೈತೋ ಏನೋ.

ಅಪ್ಪನ ಟೇಪು

ನಾ ಎಂಟನೇತ್ತಾ ಇದ್ದಾಗ ಸಾಲಿ ದಾರ್‍ಯಾಗ ಒಬ್ಬಾಂವ ದಿನಾ ಹಿಂದ ಹಿಂದ ಬರ್ತಿದ್ದ. ಒಂದಿನ ಜಡಿ ಹಿಡದು ಎಳದ. ಮನಿಗೆ ಬಂದು ಅಪ್ಪನ ಮುಂದ ಅತ್ತೆ. "ನಾನೂ ಹೊಡಿಯಾಕ ಕಲೀತೀನಿ" ಅಂದೆ. ಬ್ಯಾರೆ ಅಪ್ಪ ಆಗಿದ್ರ ಸಾಲಿ ಬಿಡಸ್ತಿದ್ದ. ನಮ್ಮಪ್ಪ ಮಷೀನು ನಿಲ್ಲಿಸಿ, "ಯಾವುದು ಕಲೀತಿ?" ಅಂದ.

ಯಾವುದು ಅಂತ ನನಗೇನು ಗೊತ್ತು! ಮರುದಿನ ಇಬ್ರೂ ಕೊಪ್ಪಳಕ್ಕ ಹೋದ್ವಿ. ಮೊದಲು ಕುಸ್ತಿ ತಾಲೀಮಿಗೆ. ಅಲ್ಲಿ ಉಸ್ತಾದ ನನ್ನ ನೋಡಿ, "ಹುಡುಗೇರಿಗಿಲ್ಲ" ಅಂದು ಬಾಗಲಾ ಹಾಕಿದ. ಎರಡನೇದು ಟೇಕ್ವಾಂಡೋ. ಅಲ್ಲಿ ಹುಡುಗ್ರು ಕಾಲನ್ನ ಕಿವಿ ಮಟ ಒಗೀತಿದ್ರು. ಮೂರನೇದು ಕರಾಟೆ. ಅಲ್ಲಿ ಕೈ ಕೆಲಸ ಜಾಸ್ತಿ, ಹೆಜ್ಜಿ ಸಣ್ಣವು. ಅಪ್ಪ ಸರ್ಟಿಫಿಕೇಟ್ ಕೇಳಲಿಲ್ಲ, ಬೆಲ್ಟ್ ಕೇಳಲಿಲ್ಲ. ಎರಡೂ ಕಡೆ ಮಾಸ್ತರಿಗೆ ಒಂದ ಮಾತು ಕೇಳಿದ: "ಇದಕ್ಕ ಎಷ್ಟು ಜಾಗ ಬೇಕ್ರಿ?"

ಮನಿಗೆ ಬಂದಾವನ ಕೊಳ್ಳಾಗಿನ ಟೇಪು ತಗದು ಓಣಿ ಅಳದ. ಈ ಗ್ವಾಡಿಯಿಂದ ಆ ಗ್ವಾಡಿಗೆ ನಾಕೂವರಿ ಫೂಟು. ಅದರಾಗ ಆಜೂಬಾಜೂದವರ ಸೈಕಲ್ಲು, ನೀರಿನ ಬ್ಯಾರಲ್ಲು ಬ್ಯಾರೆ. ಓಣಿ ಮಂದಿ ಎಲ್ಲಾ ನಿಂತು ನೋಡಾಕ ಹತ್ತಿದ್ರು, ರೋಡ್ ಮಾಡಸ್ತಾರೇನೋ ಅಂತ. ಅಪ್ಪ ಟೇಪು ಸುತ್ತಿ ಹೇಳಿದ: "ಇಲ್ಲಿ ಕಾಲು ಅಷ್ಟೆತ್ತರ ಎತ್ತಿದಿ ಅಂದ್ರ ಗ್ವಾಡಿಗೆ ಬಡೀತೈತಿ. ನಿನ್ನ ಕಾಡಾವ ಮೈದಾನಕ್ಕ ಕರದು ಕಾಡಂಗಿಲ್ಲ, ಇಂಥಾ ಓಣ್ಯಾಗ ಬರ್ತಾನ. ಕೈ ಕೆಲಸದ್ದ ತಗೋ."

ಆಮ್ಯಾಲೆ ದೊಡ್ಡ ದೊಡ್ಡ ಮಾಸ್ತರು ಯಾವ ವಿದ್ಯಾ ಮೇಲು ಅಂತ ತಾಸುಗಟ್ಟಲೆ ಮಾತಾಡಿದ್ದು ಕೇಳೀನಿ. ನಮ್ಮಪ್ಪ ಹೇಳಿದ್ದಕ್ಕಿಂತ ಛಲೋ ಕಾರಣ ಒಬ್ಬರೂ ಹೇಳಿಲ್ಲ. ಇವತ್ತಿಗೂ ಯಾರರೆ "ನಮ್ಮ ಹುಡುಗಿಗೆ ಯಾವುದು ಕಲಸೋಣ್ರಿ?" ಅಂದ್ರ, "ಆಕಿ ದಿನಾ ಎಲ್ಲಿ ಅಡ್ಯಾಡ್ತಾಳ ಅದನ್ನ ಹೇಳ್ರಿ ಮೊದಲು" ಅಂತೀನಿ.

ಕರಾಟೆ ಅಂಗೀನೂ ಅಪ್ಪನ ಹೊಲದ. ಗಂಗಾವತಿಯೊಳಗ ನನ್ನ ಮೊದಲನೇ ಪಂದ್ಯ. ರೆಫರಿ ನನ್ನ ನಿಲ್ಲಿಸಿ, ಹಿಂದ ಮುಂದ ತಿರುಗಿಸಿ, "ಇದೇನ್ರಿ ಇದು, ಎದಿ ಮ್ಯಾಲೆ ಕಿಸೆ?" ಅಂದ್ರು. ನಾ ನಾಚಿ ನೆಲಾ ನೋಡಿದೆ. ಮಂದಿ ನಡುವಿಂದ ಅಪ್ಪ ಎದ್ದು ನಿಂತು ಜೋರಾಗಿ ಅಂದ: "ಕಿಸೆ ಇಲ್ಲದ ಅಂಗಿ ಹೊಲದ್ರ ನಾಳೆ ನನ್ನ ಅಂಗಡಿಗೆ ಯಾರ್ರೀ ಬರ್ತಾರ?"

ಬೆಲ್ಲದ ಪೆಂಟಿ

ಬೆಲ್ಟಿನ ಬಣ್ಣ ಬದಲಾದಂಗ ಓಣ್ಯಾಗ ನನ್ನ ಹೆಸರೂ ಏರಿತು. ಒಂದಿನ ಎದರು ಮನಿ ದೊಡ್ಡವ್ವ ಬೆಲ್ಲದ ಪೆಂಟಿ ಹೊತ್ಕೊಂಡು ಬಂದ್ಲು. "ಕರಾಟಿ ಮಂದಿ ಹಂಚು ಒಡೀತಾರ, ಇಟ್ಟಂಗಿ ಒಡೀತಾರ ಅಂತ ಟಿವ್ಯಾಗ ನೋಡೀನಿ. ಹೋಳಿಗಿ ಮಾಡಬೇಕು, ಇದನ್ನೊಂದು ಒಡದು ಕೊಡವಾ" ಅಂದ್ಲು.

ನನಗೂ ಆಗ ಸೊಕ್ಕು. ಆಗೂದಿಲ್ಲ ಅನ್ನಬಾರದಿತ್ತೇನು? ಅನ್ನಲಿಲ್ಲ. ಕಟ್ಟಿ ಮ್ಯಾಲೆ ಪೆಂಟಿ ಇಟ್ಟು, ಉಸರು ಹಿಡದು, ಓಣಿಗೆಲ್ಲಾ ಕೇಳೂವಂಗ ಒದರಿ ಒಂದ ಹೊಡದೆ. ಬೆಲ್ಲ ಇದ್ದಂಗ ಇತ್ತು. ನನ್ನ ಕೈ ಇದ್ದಂಗ ಇರಲಿಲ್ಲ, ಹೋಳಿಗಿ ಉಬ್ಬಿದಂಗ ಉಬ್ಬಿತು. ದೊಡ್ಡವ್ವ ತನ್ನ ಮನಿ ಒಳಗ ಹೋಗಿ ಗುಂಡಕಲ್ಲು ತಂದ್ಲು, ಕುಂತಲ್ಲೇ ಒಂದ ಏಟಿಗೆ ಪೆಂಟಿ ನಾಕು ಹೋಳು ಮಾಡಿದ್ಲು. ಒಂದು ಚೂರು ನನ್ನ ಬಾಯಾಗ ಇಟ್ಟು ಅಂದ್ಲು: "ಅಳಬ್ಯಾಡವಾ. ಇನ್ನೊಂದೆರಡು ಬೆಲ್ಟು ಬರಲಿ, ಆಕ್ಕೈತಿ."

ಹಕ್ಕಿ ಓಡಸೋ ದನಿ

ಈಗ ಹೇಳೋದು ತಾವರಗೇರಾ ಹತ್ರದ ಒಂದು ಹಳ್ಳಿ ಹೈಸ್ಕೂಲಿನ ಸುದ್ದಿ. ಆ ಕಡೆ ಹುಡುಗೇರಿಗೆ ಕರಾಟೆ ಅಂತ ಮೊದಲು ಕಲಿಸಿದಾಕಿ ನಾನ. ಹೆಡ್ಮಾಸ್ತರಿಗೆ ಮನಸ್ಸಿತ್ತು. ಸಾಲಿ ಸಮಿತಿ ಅಧ್ಯಕ್ಷರಿಗೆ ಇರಲಿಲ್ಲ. ಅಧ್ಯಕ್ಷರು ವಯಸ್ಸಿನ್ಯಾಗ ಜಬರದಸ್ತ್ ಪೈಲ್ವಾನರಂತ. ಈಗ ಅಜ್ಜಾರು. ತಲಿಗೆ ಪಟಕಾ, ಕಿವಿ ಕುಸ್ತಿಯೊಳಗ ಮುದ್ದಿ ಆಗಿದ್ದವು. ಮೊದಲನೇ ದಿನಾನ ಬಂದು, ನಮ್ಮ ಹುಡುಗೇರು ಸಾಲಾಗಿ ನಿಂತು ಗುದ್ದೋದು ನೋಡಿ, "ಮ್ಯಾಡಂ, ಎದರಿಗೆ ಯಾರೂ ಇಲ್ಲಲ್ರಿ. ಇದು ಗಾಳಿಗೆ ಹೊಡಿಯೋ ವಿದ್ಯಾ" ಅಂದ್ರು. "ಒಂದು ತಿಂಗಳು ನೋಡ್ತೀನಿ. ಉಪಯೋಗ ಕಾಣಲಿಲ್ಲಂದ್ರ ಬಂದ್."

ಆ ಕ್ಲಾಸು ಬಂದ್ ಆತು ಅಂದ್ರ ಸುತ್ತಲಿನ ಒಂದು ಸಾಲೀನೂ ನನ್ನ ಕರಿಯಂಗಿಲ್ಲ. ಅದು ನನಗ ಗೊತ್ತಿತ್ತು. ಅದಕ್ಕಿಂತ ಹೆಚ್ಚು, ಜಡಿ ಎಳಸ್ಕೊಂಡು ಸುಮ್ನ ಮನಿಗೆ ಹೋಗೋ ಹುಡುಗೇರು ಹಂಗ ಉಳೀತಾರ.

ಆದ್ರ ಹುಡುಗೇರು ಒದರಬೇಕಲ್ರಿ! ನಾ ಹೇಳ್ತೀನಿ, ಯಾರರೆ ಕೈ ಹಿಡದ್ರ ಮೊದಲು ಬಾಯಿ ಮಾಡ್ರಿ, ಮಂದಿ ಕೂಡಲಿ. ಇವರು ತಲಿ ತಗ್ಗಿಸಿ, ಪೂಜಾರಿ ಮಂತ್ರ ಹೇಳಿದಂಗ ಗುಣು ಗುಣು ಅಂತಾರ. ಒಂಬತ್ತನೇತ್ತಾದ ಒಬ್ಬ ಸಣಕಲ ಹುಡುಗಿ ಅಂತೂ, ನಾ ಕೈ ಹಿಡದ್ರ, "ಅಣ್ಣಾರ, ಸ್ವಲ್ಪ ಬಿಡ್ರಿ, ಹೊತ್ತಾಕ್ಕೈತಿ" ಅಂದ್ಲು.

ನನಗ ರೇಗಿತು. "ಮನ್ಯಾಗೂ ಹಿಂಗ ಮಾತಾಡ್ತೀಯೇನು?" ಅಂದೆ.

"ಮನ್ಯಾಗ ಹಿಂಗ್ರಿ. ಹೊಲದಾಗ ಹಿಂಗಲ್ರಿ."

"ಹೊಲದಾಗ ಏನ್ ಮಾಡ್ತಿ?"

"ಜ್ವಾಳಕ್ಕ ಹಕ್ಕಿ ಬರ್ತಾವಲ್ರಿ, ಓಡಸ್ತೀನ್ರಿ."

"ಹಂಗಾರ ಈಗ ಓಡಸು. ನಾನ ಹಕ್ಕಿ ಅಂತ ತಿಳಕೋ."

ಆಕಿ ಎದಿ ತುಂಬ ಉಸರು ತಗೊಂಡ್ಲು. ಆಮ್ಯಾಲೆ ಬಂದ ದನಿ ಇತ್ತಲ್ಲ, ಯಪ್ಪಾ! ಬೇವಿನ ಗಿಡದಾಗಿನ ಹಕ್ಕಿ ಅಷ್ಟೂ ಹಾರಿದ್ವು. ರೋಡಿನ ಮ್ಯಾಲೆ ದಾಳಿಂಬರ ಹೇರಿಕೊಂಡು ಹೊಂಟಿದ್ದ ಗಾಡಿ ನಿಂತಿತು. ಅದನ್ನ ಕೇಳಿ ಉಳಿದವರಿಗೂ ಧೈರ್ಯ ಬಂತು, ಎಲ್ಲಾರೂ ಹಕ್ಕಿ ಓಡಸಾಕ ಹತ್ತಿದ್ರು. ಹೆಡ್ಮಾಸ್ತರು ಒಂದ ಕಾಲಿನ್ಯಾಗ ಚಪ್ಪಲಿ ಹಾಕ್ಕೊಂಡು ಆಫೀಸಿನಿಂದ ಓಡಿ ಬಂದ್ರು.

"ಏನಾತ್ರಿ? ಯಾರಿಗೆ ಏನಾತು?"

"ಏನೂ ಆಗಿಲ್ರಿ ಸರ. ಆತ್ಮರಕ್ಷಣೆ ನಡದೈತಿ."

ಹೆಡ್ಮಾಸ್ತರು ಎದಿ ಮ್ಯಾಲೆ ಕೈ ಇಟ್ಕೊಂಡು ಕಟ್ಟಿಗೆ ಕುಂತ್ರು. "ಹೇಳಿ ಮಾಡ್ರಿ ಮ್ಯಾಡಂ. ರಕ್ಷಣೆ ಅವರದಾದ್ರ ಆತೇನು, ನನ್ನ ಜೀವ ಯಾರು ಕಾಯಬೇಕು?"

ಕುಷ್ಟಗಿ ಬಸ್ಸು

ಎರಡು ವಾರ ಆಗಿತ್ತು. ಆ ಸಣಕಲ ಹುಡುಗಿ ಅವ್ವನ ಜೋಡಿ ಕುಷ್ಟಗಿಗೆ ಹೊಂಟಿದ್ಲಂತ. ಬಸ್ಸು ತುಂಬಿ ತುಳಕ್ತಿತ್ತು. ಹಿಂದ ಒಬ್ಬ ದೊಡ್ಡ ಮನಷಾ ಬಸ್ಸು ಹೊಳ್ಳಿದಾಗೊಮ್ಮೆ ಆಕಿ ಮೈ ಮ್ಯಾಲೆ ವಾಲ್ತಿದ್ದ, ಹೊಳ್ಳದಿದ್ದಾಗೂ ವಾಲ್ತಿದ್ದ. ಹುಡುಗಿ ಎರಡು ಸಲ ಸರದು ನಿಂತ್ಲು. ಮೂರನೇ ಸಲ ನಾ ಕಲಿಸಿದ ಮೊಣಕೈ ಹಿಂದಕ್ಕ ಕೊಟ್ಲು, ಬರೋಬರಿ ಪಕ್ಕಡಿ ಎಲುವಿಗೆ. ಕೊಟ್ಟ ಮ್ಯಾಲೆ ಜ್ವಾಳದ ಹೊಲದ ದನಿ ತಗದು, "ಹಿಂದಕ ಸರೀತೀಯೋ ಇಲ್ಲೋ!" ಅಂತ ಒದರಿದ್ಲು.

ಡ್ರೈವರ್ ಗಾಬರಿಯಾಗಿ ಬ್ರೇಕ್ ಹೊಡದ. ಬಸ್ಸಿನ್ಯಾಗಿನ ಮಂದಿ ಎಲ್ಲಾ ಹೊಳ್ಳಿ ಆ ಮನಷಾನ್ನ ನೋಡಿದ್ರು. ಆತಗ ನಿಂದರಾಕ ಮಕಾ ಉಳೀಲಿಲ್ಲ. ಟಿಕೀಟು ಕುಷ್ಟಗಿ ಮಟ ಇತ್ತು, ಇಳದದ್ದು ಹೊಲದ ನಡುವ. ನನಗ ಈ ಸುದ್ದಿ ಮುಟ್ಟಿದಾಗ ಕಣ್ಣಾಗ ನೀರು ಬಂದ್ವು. ಸುಳ್ಳ ಯಾಕ ಹೇಳ್ಲಿ, ನಾ ಪಂದ್ಯ ಗೆದ್ದಾಗ್ಲೂ ಅಷ್ಟು ಖುಷಿ ಆಗಿರಲಿಲ್ಲ.

ಕಂಡಕ್ಟರ್ ಮಾತ್ರ ಹುಡುಗಿ ಹತ್ರ ಬಂದು ಭಾಳ ಮರ್ಯಾದಿಲೆ ಕೇಳಿದ್ನಂತ: "ತಂಗಿ, ನನ್ನ ಗಂಟಲಾ ಕೂತು ಎರಡು ದಿನ ಆತು. ಕುಷ್ಟಗಿ ಬರೂಮಟ ಸ್ಟಾಪಿನ ಹೆಸರು ನೀನ ಒದರ್ತೀಯೇನವಾ?"

ಅಧ್ಯಕ್ಷರ ಪರೀಕ್ಷಾ

ಊರಾಗ ಸುದ್ದಿ ಬ್ಯಾರೆನ ಹಬ್ಬಿತು. "ಬಸ್ಸಿನ್ಯಾಗ ಗಂಡಸ್ರ ಮ್ಯಾಲೆ ಕೈ ಮಾಡಿದ್ಲಂತ, ನಾಳೆ ಇಂಥಾಕಿನ್ನ ಯಾರು ಮದುವಿ ಆಗ್ತಾರ?" ಅಂತ. ನಾಕು ಮಂದಿ ತಾಯಂದಿರು ಮಕ್ಕಳನ್ನ ಕ್ಲಾಸು ಬಿಡಿಸಿದ್ರು. ತಿಂಗಳು ತುಂಬೂದ್ರಾಗ ಅಧ್ಯಕ್ಷರು ಪಾಲಕರ ಮೀಟಿಂಗ್ ಕರದ್ರು.

ಸಾಲಿ ಬಯಲಾಗ ಜಮಖಾನಿ ಹಾಸಿದ್ರು. ಒಂದು ಕಡೆ ಗಂಡಸ್ರು, ಒಂದು ಕಡೆ ಹೆಂಗಸ್ರು. ಅಧ್ಯಕ್ಷರ ಹೆಂಡ್ತಿ ಅಜ್ಜಿನೂ ಮೊಮ್ಮಗಳನ್ನ ಮಗ್ಗಲಾಗ ಕುಂದರಿಸ್ಕೊಂಡು ಸೆರಗಿನ ಮರಿಯಾಗ ಸುಮ್ನ ಕುಂತಿದ್ಲು.

ಅಧ್ಯಕ್ಷರು ಎದ್ದು, "ಮಾತು ಬ್ಯಾಡ. ಒಬ್ಬ ಹುಡುಗಿ ಬರಲಿ. ನಾ ಕೈ ಹಿಡೀತೀನಿ. ಬಿಡಿಸ್ಕೊಂಡ್ಲಂದ್ರ ಕ್ಲಾಸು ಇರಲಿ. ಇಲ್ಲಂದ್ರ ಮ್ಯಾಡಂನವರಿಗೆ ಇವತ್ತ ಶಾಲು ಹೊದಿಸಿ ಕಳಸೋಣ" ಅಂದ್ರು.

ಬಸ್ಸಿನ ಹುಡುಗಿನ ಎದ್ಲು. ಅಧ್ಯಕ್ಷರ ಕೈ ಅಂದ್ರ ಕೈಯಲ್ಲ, ಹೊಲಾ ಹೊಡಿಯೋ ರಂಟಿ ಮೇಣಿ. ಹುಡುಗಿ ಮುಂಗೈ ಅದರಾಗ ಕಾಣಲಾರದಂಗ ಆತು. ಆಕಿ ನಿಂತ್ಲು. ನಿಂತ ಉಳದ್ಲು. ಅಜ್ಜಾರ ಮಕಾ ನೋಡ್ತಾಳ, ನನ್ನ ಮಕಾ ನೋಡ್ತಾಳ.

ಅಧ್ಯಕ್ಷರು ನಕ್ಕು, "ಏನ್ ನೋಡ್ತಿ? ಕಲತದ್ದೆಲ್ಲಾ ಮಾಡು. ಮುದುಕ ಅಂತ ಬಿಡಬ್ಯಾಡ, ನಾನ ಹೇಳಾಕ ಹತ್ತೀನಿ" ಅಂದ್ರು.

"ತಪ್ಪ ತಿಳಕೋಬ್ಯಾಡ್ರಿ ಅಜ್ಜಾರ" ಅಂದ್ಲು ಹುಡುಗಿ.

ಅಂದಾಕಿನ, ಅಜ್ಜಾರ ಹೆಬ್ಬೆರಳಿನ ಸಂದಿ ಕಡೆ ಕೈ ತಿರುವಿ ಎಳಕೊಂಡ್ಲು. ಕೈ ಹೊರಗ! ಅಧ್ಯಕ್ಷರು ಪೈಲ್ವಾನರಲ್ಲೇನು, ತಟ್ಟನ ಇನ್ನೊಂದು ಕೈ ಚಾಚಿ ಮುಂದಕ್ಕ ಬಂದ್ರು. ಹುಡುಗಿ ಅವರ ಮೊಣಕಾಲ ಕೆಳಗಿನ ಎಲುವಿಗೆ ಒಂದ ಒದ್ಲು. "ಯವ್ವಾ!" ಅಂದು ಅಧ್ಯಕ್ಷರು ಕಾಲು ಹಿಡಕೊಂಡು ಒಂಟಿಗಾಲಿಲೆ ಎರಡು ಸಲ ಕುಣದು, ಜಮಖಾನಿ ಮ್ಯಾಲೆ ಧೊಪ್ಪ ಅಂತ ಕುಂತ್ರು. ಪಟಕಾ ಉಳ್ಳಿ ಹೆಡ್ಮಾಸ್ತರ ಕಾಲಾಗ ಹೋತು.

ನಾ ಕಣ್ಣು ಮುಚ್ಚಿದೆ. ಕ್ಲಾಸು ಉಳೀತೋ, ನಾನ ಉಳೀತೀನೋ ತಿಳೀಲಿಲ್ಲ.

ಆದ್ರ ನಮ್ಮ ಮಕ್ಕಳು ಮನ್ಯಾಗ ಕಲತದ್ದು ಎಲ್ಲಿ ಬಿಡ್ತಾರ! ಹಿರೇರಿಗೆ ಕಾಲು ತಾಗಿತಲ್ಲ? ಹುಡುಗಿ ಗಪ್ಪನ ಬಗ್ಗಿ ಅಜ್ಜಾರ ಎರಡೂ ಪಾದ ಮುಟ್ಟಿ ಕಣ್ಣಿಗೆ ಹಚ್ಚಿಕೊಂಡ್ಲು. ಅಜ್ಜಾರೂ ಅಷ್ಟ. ಯಾರರೆ ಕಾಲು ಮುಟ್ಟಿದ್ರ ಅವರ ಕೈ ತಾನ ಏಳ್ತೈತಿ. ಒಂದ ಕೈಲೆ ಕಾಲು ತಿಕ್ಕೋತ, ಇನ್ನೊಂದು ಕೈ ಆಕಿ ತಲಿ ಮ್ಯಾಲಿಟ್ಟು, "ನೂರು ವರ್ಷ ಬಾಳವಾ" ಅಂದುಬಿಟ್ರು.

ಅಂದ ಮ್ಯಾಲೆ ಅವರಿಗೇ ಹೊಳೀತು. ಮೊದಲು ಅವರ ನಕ್ರು. ಆಮ್ಯಾಲೆ ಬಯಲೆಲ್ಲಾ ನಕ್ಕಿತು. ನಾ ನಕ್ಕೆನೋ ಅತ್ತೆನೋ ನನಗ ಗೊತ್ತಿಲ್ಲ.

ಹೆಡ್ಮಾಸ್ತರು ಪಟಕಾ ಝಾಡಿಸಿ ಕೈಗೆ ಕೊಟ್ಟು, "ಅಧ್ಯಕ್ಷರ, ಆಶೀರ್ವಾದಾನೂ ಆತು. ಠರಾವು ಬರೀಲೇನ್ರಿ?" ಅಂದ್ರು.

"ಬರೀರಿ. ಇದು ಗಾಳಿಗೆ ಹೊಡಿಯೋ ವಿದ್ಯಾ ಅಲ್ಲ" ಅಂದ್ರು ಅಧ್ಯಕ್ಷರು, ಕಾಲು ತಿಕ್ಕೋತ. "ಯಾರ್‍ಯಾರು ಹೆಣ್ಣುಮಕ್ಕಳನ್ನ ಕಳಸ್ತೀರಿ, ಕೈ ಎತ್ರಿ."

ಎಲ್ಲಾರಿಗಿಂತ ಮೊದಲು ಎದ್ದ ಕೈ ಅಧ್ಯಕ್ಷರ ಹೆಂಡ್ತಿದು. ನಾ ಪಟ್ಟಿ ಪೆನ್ನು ತಗೊಂಡು ಹತ್ರ ಹೋಗಿ, "ಮೊಮ್ಮಗಳ ಹೆಸರು ಹೇಳ್ರಿ ಅಮ್ಮಾರ" ಅಂದೆ.

ಅಜ್ಜಿ ಸೆರಗು ಸರಸಿ, ಗಂಡನ ಕಡೆ ಒಮ್ಮೆ ನೋಡಿ, ಸಾವಕಾಶ ಅಂದ್ಲು: "ಆಕಿದು ಆಮ್ಯಾಲೆ ಬರಕೋರಿ. ಒದ್ದ ಮ್ಯಾಲೆ ಕಾಲು ಮುಟ್ಟಿದ್ರ ನಡೀತೈತಂದ್ರ, ಮೊದಲು ನನ್ನ ಹೆಸರು ಹಚ್ಚಿಕೊಳ್ರಿ."