ಅಕ್ಕೋಳದಿಂದ ನಡೆದುಬರುತ್ತಿದ್ದ ದೈವಕೃಪೆ

ಶ್ರೀ ಸಮಾಧಾನ ಅವರಿಗೆ,
ಅಧ್ಯಕ್ಷರು, ಚರಿತ್ರೆ ಸಮಿತಿ, ಲೂಥರನ್ ಸಭೆ, ನಿಪ್ಪಾಣಿ

ಮಾನ್ಯರೇ,

ತಮಗೂ ತಮ್ಮ ಸಮಿತಿಗೂ ಅಕ್ಕೋಳದಿಂದ ಅನಂತ ನಮಸ್ಕಾರಗಳು. ತಂಬಾಕಿನ ವ್ಯಾಪಾರಕ್ಕೆಂದು ಸ್ವೀಡನ್ನಿನಿಂದ ಬಂದು ನಿಪ್ಪಾಣಿಯಲ್ಲೇ ನೆಲೆನಿಂತ ನಾಲ್ಕು ಕುಟುಂಬಗಳು ಕಟ್ಟಿದ ತಮ್ಮ ಸಭೆಯ ತೊಂಬತ್ತು ವರ್ಷಗಳ ಚರಿತ್ರೆ ಬರುವ ಭಾನುವಾರ ಬಿಡುಗಡೆಯಾಗಲಿದೆ. ಅದರ ಕರಡು ಓದಿ ಧನ್ಯಳಾದೆ. ಗಂಟೆಯ ತೂಕ, ಬೆಂಚುಗಳ ಸಂಖ್ಯೆ, ಮೊದಲ ಪಾದ್ರಿ ಲಿಂಡ್‌ಬ್ಲಾಡ್ ಸಾಹೇಬರ ನಾಯಿ ಕಾರೋ ಹುಟ್ಟಿದ ವಾರ, ಯಾವುದನ್ನೂ ತಾವು ಬಿಟ್ಟಿಲ್ಲ.

ಅದರಲ್ಲೂ ನಲವತ್ತೊಂದನೆಯ ಪುಟ ಕಣ್ಣಿಗೆ ಒತ್ತಿಕೊಳ್ಳುವಂತಿದೆ. ೧೯೫೨ರಲ್ಲಿ ದೈವಕೃಪೆಯಿಂದ ಸಾಹೇಬರ ಕನ್ನಡ ಒಮ್ಮೆಲೇ ತಿಳಿಯಾಯಿತು ಎಂದು ಬರೆದಿದ್ದೀರಿ. ಅದಕ್ಕೆ ಮೊದಲಿನ ಹದಿನೇಳು ವರ್ಷ ಅವರು ಏನು ಬೋಧಿಸಿದರೆಂದು ಯಾರಿಗೂ ತಿಳಿಯದೆ, ಅವರು ಕಣ್ಣು ಮುಚ್ಚಿದಾಗಲೆಲ್ಲ ಸಭೆ ಅಂದಾಜಿನ ಮೇಲೆ ಆಮೆನ್ ಅನ್ನುತ್ತಿತ್ತಂತೆ. ಹೇಳಲು ಸಂಕೋಚವಾಗುತ್ತದೆ, ಆ ದೈವಕೃಪೆ ನಮ್ಮ ಮನೆಯಲ್ಲೇ ಇದೆ. ಹೆಸರು ಕಸ್ತೂರೆವ್ವ, ನನ್ನ ಅಜ್ಜಿ. ಹದಿನೇಳರ ಹುಡುಗಿಯಾಗಿದ್ದಾಗಿನಿಂದ ಸಾಹೇಬರು ತೀರಿಕೊಳ್ಳುವವರೆಗೆ, ಇಪ್ಪತ್ತೆರಡು ವರ್ಷ, ಪ್ರತಿ ಶನಿವಾರ ಅಕ್ಕೋಳದಿಂದ ನಡೆದುಬಂದು, ಮರುದಿನದ ಬೋಧನೆಯನ್ನು ಸಾಲುಸಾಲಾಗಿ ತಿದ್ದಿ, ಅವರ ಬಾಯಲ್ಲಿ ಎರಡೆರಡು ಸಲ ಹೇಳಿಸಿ, ಅವರು ಕೊಟ್ಟ ಕರಿ ಕಾಫಿ ಕುಡಿದು ನಡೆದೇ ಮರಳುತ್ತಿದ್ದಳು.

ಸಭೆಯ ಸದಸ್ಯರಲ್ಲದವರ ಹೆಸರು ಚರಿತ್ರೆಗೆ ಸೇರದೆಂಬ ನಿಯಮವನ್ನು ತಾವು ಫೋನಿನಲ್ಲಿ ಬಹಳ ಸಹನೆಯಿಂದ ವಿವರಿಸಿದಿರಿ. ಒಪ್ಪಿದೆ. ಕಾರೋ ಯಾವ ವರ್ಷ ದೀಕ್ಷಾಸ್ನಾನ ಪಡೆದನೆಂದು ದಯವಿಟ್ಟು ತಿಳಿಸಿದರೆ, ಅವನು ತುಂಬಿದ ಅರ್ಜಿಯನ್ನೇ ಅಜ್ಜಿಯಿಂದಲೂ ತುಂಬಿಸುತ್ತೇನೆ. ಅದಾಗದಿದ್ದರೆ, ಅವಳು ತಿದ್ದಿದ ಅಷ್ಟೂ ಭಾನುವಾರಗಳನ್ನು ಮತ್ತೆ ಮೊದಲಿನ ತೊದಲಿಗೆ ತಿರುಗಿಸುವ ಏರ್ಪಾಡನ್ನು ಸಮಿತಿ ಮಾಡಬೇಕು.

ಅಜ್ಜಿಗೂ ಈಗ ತಮ್ಮ ಸಭೆಯಷ್ಟೇ ವಯಸ್ಸು. ಆ ಪುಟ ಓದಿ ಹೇಳಿದಾಗ ಅವಳು ಅಂದದ್ದು ಇಷ್ಟೇ: "ದೇವರ ಕೃಪೆಗ ಕಾಲು ನೋಯ್ತಾವೇನವಾ? ನನಗ ನೋಯ್ತಿದ್ವು." ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ನನಗೆ ಸಿಟ್ಟು ಬಂದದ್ದು ಆಗ. ಭಾನುವಾರದೊಳಗೆ ಆ ಪುಟದಲ್ಲಿ ಅವಳ ಹೆಸರು ಬರಬೇಕು, ಅದನ್ನು ಅವಳು ಕಣ್ಣಾರೆ ಓದಬೇಕು.

ತಮ್ಮ ವಿಶ್ವಾಸಿ,
ಉಜ್ವಲಾ, ಅಕ್ಕೋಳ

ವಿ.ಸೂ.: ಬಿಡುಗಡೆಯ ದಿನದ ತಮ್ಮ ಭಾಷಣವನ್ನು, ವಾಡಿಕೆಯಂತೆ, ತಿದ್ದಿಕೊಡಲು ಅಜ್ಜಿಗೆ ಕಳುಹಿಸಿದ್ದೀರಿ. ಒಂದಕ್ಷರವನ್ನೂ ಮುಟ್ಟದೆ ಹಿಂದಿರುಗಿಸುತ್ತಿದ್ದೇವೆ. ದೈವಕೃಪೆ ಸಾಲದಿದ್ದರೆ ಶನಿವಾರ ಬನ್ನಿ, ನಡೆದುಕೊಂಡು.