ಸೂಪರ್‌ವೈಸರು ದೆವ್ವವಾದ ಭಾನುವಾರ

"ನಾನೊಬ್ಬ ಇಲ್ಲದಿದ್ರೆ ಈ ಮನೆ ಅರ್ಧ ದಿನ ನಡೆಯಲ್ಲ. ನಾಳೆ ತೋರಿಸಿಯೇ ಬಿಡ್ತೀನಿ!"

ಹೀಗೆಂದು ಭೀಷ್ಮ ಪ್ರತಿಜ್ಞೆ ಮಾಡಿದವರು ಬಿಸ್ಕತ್ತು ಕಾರ್ಖಾನೆಯ ಸೂಪರ್‌ವೈಸರು. ಮನೆಯಲ್ಲೂ ಅವರದು ಅದೇ ಹುದ್ದೆ. ಕೆಲಸ ಬೇರೆಯವರದು, ಉಸ್ತುವಾರಿ ಇವರದು. ಪ್ರತಿಜ್ಞೆಗೆ ಕಾರಣ, ಶನಿವಾರ ಟೀವಿಯಲ್ಲಿ ಬಂದ ಹಳೆಯ ದೆವ್ವದ ಸಿನಿಮಾ. ಸತ್ತ ಯಜಮಾನ ಒಳ್ಳೆಯ ದೆವ್ವವಾಗಿ ಮನೆಯಲ್ಲೇ ಓಡಾಡುತ್ತಾನೆ. ಯಾರಿಗೂ ಕಾಣಿಸುವುದಿಲ್ಲ. ಅವನಿಲ್ಲದೆ ಸಂಸಾರ ಮೂರಾಬಟ್ಟೆಯಾಗುತ್ತದೆ! ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಿದ್ದರೆ ಸೂಪರ್‌ವೈಸರು ಮಾತ್ರ ಕಣ್ಣೊರೆಸಿಕೊಂಡರು.

"ಹಾಗಾದ್ರೆ ನಾಳೆ ನೀವೂ ದೆವ್ವ ಆಗಿ ನೋಡಿ," ಎಂದರು ಹೆಂಡತಿ. "ಸಂಜೆವರೆಗೆ ನೀವು ನಮಗೆ ಕಾಣಿಸಲ್ಲ, ಕೇಳಿಸಲ್ಲ. ನಾವಾಗಿ ಕರೆದ್ರೆ ನೀವು ಗೆದ್ರಿ. ಕರೀದಿದ್ರೆ ಈ ಮಾತು ಇನ್ನೊಂದ್ಸಲ ನಿಮ್ಮ ಬಾಯಲ್ಲಿ ಬರಕೂಡದು."

"ಮಧ್ಯಾಹ್ನದೊಳಗೆ ಕಾಲಿಗೆ ಬೀಳ್ತೀರಿ, ನೋಡ್ತಿರಿ!"

ಭಾನುವಾರ ಬೆಳಗಾಯಿತು. ಹಾಲು ಬಂತು, ಕಾಫಿ ಆಯಿತು, ಬಟ್ಟೆ ಒಗೆದಾಯಿತು. ಸೋರುವ ನಲ್ಲಿಗೆ ಮಗಳು ವಾಷರ್ ಹಾಕಿಬಿಟ್ಟಳು. "ಯಾರೂ ಮುಟ್ಟಬೇಡಿ, ನಾನೇ ಮಾಡ್ತೀನಿ" ಎಂದು ಎಷ್ಟೋ ತಿಂಗಳಿಂದ ಅವರು ಕಾಯ್ದಿರಿಸಿದ್ದ ನಲ್ಲಿ ಅದು! ಯಾರಾದರೂ ಒಮ್ಮೆ ತಡವರಿಸಲಿ ಎಂದು ಸೂಪರ್‌ವೈಸರು ಕೋಣೆಯಿಂದ ಕೋಣೆಗೆ ಅಲೆದರು. ಅಡುಗೆಮನೆಯಲ್ಲಿ ಅವರ ತಾಯಿ ಬೀನ್ಸ್ ಹೆಚ್ಚುತ್ತಾ ಸೊಸೆಗೆ ಹೇಳುತ್ತಿದ್ದರು: "ಇವತ್ತು ಮನೆ ಎಷ್ಟು ತಣ್ಣಗಿದೆ ಅಲ್ವೇನೇ?"

ಹೆತ್ತ ತಾಯಿಯೂ ಶತ್ರುಪಕ್ಷ ಸೇರಿದ್ದರು! ಸೂಪರ್‌ವೈಸರ ಮನಸ್ಸು ಚುರ್ ಎಂದಿತು.

ನೇರ ದಾರಿ ಮುಚ್ಚಿದಾಗ ಮಹಾಪುರುಷರು ಅಡ್ಡದಾರಿ ಹಿಡಿಯುತ್ತಾರೆ. ಇವರು ಸದ್ದಿಲ್ಲದೆ ಬಾಗಿಲ ಹಿಂದಿನ ಬೋರ್ಡಿನಿಂದ ಫ್ಯೂಸ್ ಕಿತ್ತು ಜೇಬಿಗಿಳಿಸಿದರು. ಮಿಕ್ಸಿ ನಿಂತಿತು, ಫ್ಯಾನು ನಿಂತಿತು. ಈಗ ಕರೆದೇ ಕರೆಯುತ್ತಾರೆಂದು ನಡುಮನೆಯಲ್ಲಿ ಎದೆಯುಬ್ಬಿಸಿ ನಿಂತರು.

ಹೆಂಡತಿ ಕರೆದದ್ದು ಎಲೆಕ್ಟ್ರಿಷಿಯನ್ನನ್ನು!

ಆತ ಆ ಬೀದಿಗೆ ಹೊಸಬ. ಬೋರ್ಡು ನೋಡಿ, "ಅಮ್ಮಾ, ಫ್ಯೂಸೇ ಇಲ್ವಲ್ಲ! ಇವರನ್ನ ಕೇಳಿದ್ರಾ?" ಎಂದು ಸೂಪರ್‌ವೈಸರತ್ತ ಕೈ ತೋರಿಸಿದ.

"ಯಾರನ್ನ?" ಎಂದರು ಹೆಂಡತಿ.

"ಇಲ್ಲೇ ನಿಂತಿದ್ದಾರಲ್ಲ!"

"ಎಲ್ಲಿ? ಅಜ್ಜೀ, ಅಲ್ಲಿ ಯಾರಾದ್ರೂ ಇದ್ದಾರಾ?" ಎಂದಳು ಮಗಳು.

"ಗೋಡೆ ಇದೆ," ಎಂದರು ಅಜ್ಜಿ.

ಆತನ ಮುಖ ಬಿಳಿಚಿತು. "ಮನೆ ಯಜಮಾನರು..?" ಎಂದ ಮೆಲ್ಲಗೆ.

"ಇಲ್ಲಪ್ಪ," ಎಂದು ಹೆಂಡತಿ ನಗು ತಡೆಯಲು ಬಾಯಿ ಮುಚ್ಚಿಕೊಂಡರು. ಆತನಿಗೆ ಅದು ಅಳುವಂತೆ ಕಂಡಿತು. ಪಾಪ, ಧೈರ್ಯ ಹೇಳೋಣವೆಂದು ಸೂಪರ್‌ವೈಸರು ಒಂದು ಹೆಜ್ಜೆ ಮುಂದಿಟ್ಟರು. ಅಷ್ಟೇ! "ಅಯ್ಯಯ್ಯೋ, ದೆವ್ವ!" ಎಂದು ಕಿರುಚಿ, ಸ್ಕ್ರೂಡ್ರೈವರನ್ನೂ ಚಪ್ಪಲಿಯನ್ನೂ ಬಿಟ್ಟು ಆತ ಬೀದಿಗೆ ಹಾರಿದ.

ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಾಗಿಲ ತುಂಬ ಜನ. ಎದುರುಮನೆ ವಕೀಲರು ಆಗಲೇ ಹೆಂಡತಿಗೆ ಸಾಂತ್ವನ ಶುರುಮಾಡಿದ್ದರು.

"ನಾನು ಬದುಕಿದ್ದೀನಿ ಕಣ್ರೀ!" ಎಂದು ಸೂಪರ್‌ವೈಸರು ಕೂಗಿದರು.

"ಹಾಗಾದ್ರೆ ಫ್ಯೂಸ್ ಎಲ್ಲಿ ಹೋಯ್ತು?" ಎಲೆಕ್ಟ್ರಿಷಿಯನ್ನನಿಂದ ಎಲ್ಲ ಕೇಳಿ ತಿಳಿದಿದ್ದ ವಕೀಲರ ಪಾಟೀಸವಾಲು.

ವಿಧಿಯಿಲ್ಲದೆ ಜೇಬಿನಿಂದ ತೆಗೆದರು.

"ಸ್ವಂತ ಮನೆ ಫ್ಯೂಸ್ ಯಾಕ್ರೀ ಕದ್ರಿ?"

"ನನ್ನನ್ನ... ಕರೀಲಿ ಅಂತ."

ಇಡೀ ಬೀದಿ ಹೋ ಎಂದು ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಸೂಪರ್‌ವೈಸರಿಗೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ನಾಳೆ ಇದೇ ಜನರ ಮುಂದೆಯೇ ಕಾರ್ಖಾನೆಗೆ ಹೋಗಬೇಕಲ್ಲ! ವಾಪಸ್ ಬಂದ ಎಲೆಕ್ಟ್ರಿಷಿಯನ್, ಸೂಪರ್‌ವೈಸರ ಕೈ ಚಿವುಟಿ ಖಾತ್ರಿ ಮಾಡಿಕೊಂಡ ಮೇಲೆಯೇ ಫ್ಯೂಸ್ ಹಾಕಿ ಹೋದ.

ಜನ ಚದುರಿದ ಮೇಲೆ ಅವರು ಅಡುಗೆಮನೆ ಬಾಗಿಲಲ್ಲಿ ನಿಂತು, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೆಂಡತಿಯನ್ನು ಕೇಳಿದರು: "ನಿಜ ಹೇಳು. ಕರೆಂಟ್ ಹೋದಾಗಲಾದ್ರೂ ನನ್ನನ್ನ ಕರೀಬೇಕು ಅನ್ನಿಸಲಿಲ್ವಾ?"

"ಅನ್ನಿಸ್ತು ರೀ. ಕರೆಯೋಕೆ ಬಾಯಿ ತೆಗೆದೂ ಆಗಿತ್ತು."

ಸೂಪರ್‌ವೈಸರ ಮುಖ ಅರಳಿತು.

"ಆದ್ರೆ ನೀವು ಫ್ಯೂಸ್ ಕೀಳೋದನ್ನ ನೋಡಿದ್ದೆನಲ್ಲ," ಎಂದರು ಹೆಂಡತಿ, ಮಿಕ್ಸಿ ಮುಚ್ಚಳ ಒತ್ತುತ್ತಾ. "ಕೀಳೋದಷ್ಟೇ ನಿಮಗೆ ಬರೋದು, ಹಾಕೋಕೆ ಬೇರೆಯವರೇ ಬೇಕು ಅಂತ ನೆನಪಾಯ್ತು. ಅದಕ್ಕೇ ಸೀದಾ ಎಲೆಕ್ಟ್ರಿಷಿಯನ್ನನ್ನೇ ಕರೆದೆ."