ಅಳಿಯನ ಎಣ್ಣೆಸ್ನಾನಕ್ಕೊಂದು ಸೈಫನ್

ಜಮಖಂಡಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಎರಡು ವಿಷಯ ಕಲಿಸುತ್ತೇನೆ. ಒಂದು ಸೆಮಿಸ್ಟರಿನಲ್ಲಿ ಫ್ಲುಯಿಡ್ ಮೆಕ್ಯಾನಿಕ್ಸ್, ಅಂದರೆ ನೀರು ಹೇಗೆ ಹರಿಯುತ್ತದೆ ಎಂಬುದು. ಮುಂದಿನದರಲ್ಲಿ ಹೀಟ್ ಟ್ರಾನ್ಸ್‌ಫರ್, ಅಂದರೆ ಬಿಸಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು. ಇವೆರಡೂ ಒಂದೇ ಪೈಪಿನಲ್ಲಿ ಒಟ್ಟಿಗೆ ಎದುರಾಗಬಹುದೆಂದು ಸಿಲಬಸ್ಸಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ!

ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಹೆಂಡತಿ ಶೈಲಾಳೊಂದಿಗೆ ರಬಕವಿಯ ಮಾವನ ಮನೆಗೆ ಹೋದೆ. ಹೊಸ ಅಳಿಯನಿಗೆ ನಸುಕಿನಲ್ಲಿ ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಆರತಿ ಬೆಳಗುವುದು ಪದ್ಧತಿ. ಸೂರ್ಯ ಹುಟ್ಟುವ ಮೊದಲೇ ಎಲ್ಲ ಮುಗಿಯಬೇಕು. ಹಿಂದಿನ ಸಂಜೆ ಅತ್ತೆ ಮೊಣಕಾಲು ಹಿಡಿದುಕೊಂಡು ಹಿತ್ತಲ ಒಲೆಯ ಮೇಲಿನ ದೊಡ್ಡ ಹಂಡೆಗೆ ನೀರು ತುಂಬುತ್ತಿದ್ದರು. ಬೆಳಿಗ್ಗೆ ಅಲ್ಲಿಂದ ಬಚ್ಚಲಿಗೆ ಬಕೆಟ್ಟು ಹೊರುವವರೂ ಅವರೇ.

“ಅತ್ತಿ, ನಾಳೆ ನೀವು ಒಂದ ಬಕೆಟ್ಟೂ ಎತ್ತಬ್ಯಾಡ್ರಿ. ನೀರ ತಾವ ನಡಕೋತ ಬಚ್ಚಲಕ್ಕ ಬರ್ತಾವು” ಎಂದೆ.

“ಅವಕ್ಕೇನ ಕಾಲ ಅದಾವೇನ್ರೀ?” ಎಂದಳು ಶೈಲಾ.

“ಸುಮ್ಮ ಇರ ಬೇ!” ಮಾವ ಮಗಳನ್ನು ಗದರಿಸಿದರು. “ಅಳಿಯಾರು ನೀರಿನ ಸಾಲ್ಯಾಗ ದೊಡ್ಡ ಮಾಸ್ತರ ಅದಾರ.”

ಆ ಒಂದು ಮಾತಿಗೆ ನಾನು ಕೆಟ್ಟೆ. ಇನ್ನು ನನ್ನ ಮಾನವೆಲ್ಲ ಆ ಹಂಡೆಯ ನೀರಿನಲ್ಲಿ!

ಹಂಡೆ ಎತ್ತರದಲ್ಲಿದೆ, ಬಚ್ಚಲು ತಗ್ಗಿನಲ್ಲಿದೆ. ನಡುವೆ ಒಂದು ಪೈಪು ತುಂಬಿಸಿಟ್ಟರೆ ನೀರು ಹಂಡೆಯ ಕಂಠ ಹತ್ತಿ ತಾನಾಗಿಯೇ ಇಳಿದು ಬರುತ್ತದೆ. ಇದೇ ಸೈಫನ್. ಕರಿಹಲಗೆಯ ಮೇಲೆ ನಾನು ಬಿಡಿಸಿದ ಸೈಫನ್ ಒಂದೂ ಈವರೆಗೆ ಕೆಟ್ಟಿದ್ದಿಲ್ಲ.

ಗಿಡಗಳಿಗೆ ನೀರು ಬಿಡುವ ಪ್ಲಾಸ್ಟಿಕ್ ಪೈಪು ಗಿಡ್ಡವಾಯಿತು. ಇನ್ನೊಂದು ತುಂಡನ್ನು ಅದರೊಳಗೆ ತುರುಕಿ, ನೇಕಾರರಾದ ಮಾವ ಕೊಟ್ಟ ನೂಲಿನಿಂದ ಬಿಗಿದೆ. ಬಚ್ಚಲಿಗೆ ಹತ್ತಿರದ ದಾರಿ ಮಗ್ಗದ ಕೋಣೆಯ ಮೂಲಕ. ಅಲ್ಲಿ ಮಾವನ ಕುಣಿಮಗ್ಗ. ನೇಯುವವರು ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ಕುಣಿ ತೋಡಿರುತ್ತಾರೆ. ನನ್ನ ಪೈಪಿನ ಜೋಡಣೆ ಸರಿಯಾಗಿ ಆ ಕುಣಿಯ ಅಂಚಿಗೇ ಬಂತು. ತಣ್ಣೀರಿನಲ್ಲಿ ಪರೀಕ್ಷೆ ಮಾಡಿದೆ. ಭರ್ರೆಂದು ಬಂತು! ಅತ್ತೆ ಕೈ ಮುಗಿದೇಬಿಟ್ಟರು. ಪೈಪು ತುಂಬಿರುವಂತೆಯೇ ಬಚ್ಚಲ ತುದಿಗೆ ಬೂಚು ಜಡಿದು, ಕರ್ಚಿಕಾಯಿ ತಿಂದು ಮಲಗಿದೆ.

ನಸುಕಿನಲ್ಲಿ ಮೈತುಂಬ ಎಣ್ಣೆ ಹಚ್ಚಿಸಿಕೊಂಡು, ಟವೆಲ್ ಸುತ್ತಿಕೊಂಡು, ಬಚ್ಚಲಿನ ಮಣೆಯ ಮೇಲೆ ವಿರಾಜಮಾನನಾದೆ. ಹೊರಗೆ ಓಣಿಯ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಬೂಚು ಕಿತ್ತೆ. ನೀರು ಬಂತು. ಮಂಜುಗಡ್ಡೆಯಂಥ ನೀರು!

“ಇದು ಪೈಪಿನ್ಯಾಗ ನಿಂತ ನೀರು. ಬಿಸಿವು ಹಿಂದ ಬರಾಕತ್ತಾವು” ಎಂದು ನಡುಗುತ್ತಲೇ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ನೀರು ನಿಂತಿತು.

“ಹಂಡೇದಾಗ ನೋಡ್ರಿ ಅತ್ತಿ!”

ಹಿತ್ತಲಿನಿಂದ ಅತ್ತೆಯ ಕೂಗು ಬಂತು: “ಇಲ್ಲಿ ಇಳ್ಯಾಕತ್ತಾವ್ರೀ!”

ಅಲ್ಲಿ ಇಳಿಯುತ್ತಿದೆ, ಇಲ್ಲಿ ಬರುತ್ತಿಲ್ಲ! ಒಂದು ತುದಿಯಲ್ಲಿ ಹೋದಷ್ಟು ನೀರು ಇನ್ನೊಂದು ತುದಿಯಲ್ಲಿ ಬರಲೇಬೇಕು. ನಾನು ಕಲಿಸುವ ಮೊದಲ ಪಾಠವೇ ಅದು. ಪೈಪನ್ನು ಅಲ್ಲಾಡಿಸಿದೆ. ಒಳಗೆ ಇಣುಕಿದೆ. ಕಿವಿಗಿಟ್ಟು ಕೇಳಿದೆ. ಏನೂ ತಿಳಿಯಲಿಲ್ಲ.

“ಅರ್ಧ ಹಂಡೆ ಆತ್ರೀ!” ಎಂದರು ಅತ್ತೆ. ಮೂಡಣದಲ್ಲಿ ಕೆಂಪೇರುತ್ತಿತ್ತು.

“ನೀರ ದಾರಿ ತಪ್ಪಿರಬೇಕ ಬಿಡ್ರಿ” ಎಂದು ಆರತಿ ಹಿಡಿದವಳೊಬ್ಬಳು ಸಮಾಧಾನ ಹೇಳಿದಳು.

“ತಳಾ ಕಾಣಾಕತ್ತೈತ್ರೀ!”

ಅಷ್ಟರಲ್ಲಿ ಮಗ್ಗಕ್ಕೆ ದೀಪ ಇಡಲು ಹೋದ ಮಾವ “ಅಯ್ಯಯ್ಯೋ, ಕಾಲು!” ಎಂದು ಕಿರುಚಿದರು.

ಎಣ್ಣೆಗಾಲಿನಲ್ಲಿ ಜಾರುತ್ತ ಓಡಿದೆ. ಮಾವ ಒಂಟಿಕಾಲಿನಲ್ಲಿ ಕುಣಿಯುತ್ತಿದ್ದರು. ಮಗ್ಗದ ಕುಣಿಯಿಂದ ಹಬೆ ಏಳುತ್ತಿತ್ತು. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಜೋಡಣೆ ಕಳಚಿ, ಹಂಡೆಯ ನೀರೆಲ್ಲ ಅಲ್ಲಿಗೇ ಇಳಿದಿತ್ತು. ಸಂಜೆ ತಣ್ಣೀರಿನಲ್ಲಿ ಒಂದು ಸೆಮಿಸ್ಟರ್ ಪಾಸಾಗಿದ್ದೆ. ಬೆಳಿಗ್ಗೆ ಇನ್ನೊಂದರಲ್ಲಿ ಫೇಲ್!

ಅತ್ತೆ ಮಾತ್ರ ಧೃತಿಗೆಡಲಿಲ್ಲ. ಒಂದು ಕೊಡ ತಣ್ಣೀರು ಸುರಿದು, ಕೈಯಾಡಿಸಿ ಹದ ನೋಡಿದರು. “ಹೊತ್ತ ಹುಟ್ಟಾಕತ್ತೈತಿ. ಅಳಿಯಾರ, ಇಳೀರಿ!”

“ಕುಣಿಯೊಳಗ?”

“ಮತ್ತ ಇನ್ನೆಲ್ಲಿ ಅದಾವ್ರೀ ಬಿಸಿನೀರ?”

ಇಳಿದೆ. ಅತ್ತೆ ತಂಬಿಗೆಯಿಂದ ಎರೆದರು. ನೂಲಿನ ಎಳೆಗಳು ಎಣ್ಣೆಮೈಗೆ ಅಂಟಿದವು. ಹೆಂಗಸರು ಕುಣಿಯ ಸುತ್ತ ನಿಂತು, ನಗು ತಡೆಯಲಾರದೆ ಹಾಡುತ್ತ ಆರತಿ ಬೆಳಗಿದರು. ನಾಚಿಕೆಯಿಂದ ಸತ್ತುಹೋದೆ.

“ಅಜ್ಜನ ಕಾಲದಿಂದ ಈ ಕುಣಿಯೊಳಗಿಂದ ಸೀರಿ ಬಂದಾವು” ಎಂದು ಮಾವ ನಿಟ್ಟುಸಿರಿಟ್ಟರು. “ಅಳಿಯ ಎದ್ದ ಬರೂದು ಇದ ಮೊದಲ.”

ಹಬ್ಬಕ್ಕೆ ಮಗ್ಗದ ಪೂಜೆಯಾಗಬೇಕು, ಅಷ್ಟರೊಳಗೆ ಕುಣಿ ಖಾಲಿಯಾಗಬೇಕು. ಅತ್ತೆ ಮೊಣಕಾಲು ಹಿಡಿದುಕೊಂಡೇ ಬಕೆಟ್ಟಿಗೆ ಕೈ ಹಾಕಿದರು. ನಾನು ಕಸಿದುಕೊಂಡೆ. ಸ್ನಾನದ ಮೇಲೆ ಉಟ್ಟಿದ್ದ ಹೊಸ ಧೋತರ ಎತ್ತಿ ಕಟ್ಟಿ, ಬಕೆಟ್ಟಿನ ಮೇಲೆ ಬಕೆಟ್ಟು ಹೊತ್ತು ಹಿತ್ತಲಿಗೆ ಚೆಲ್ಲತೊಡಗಿದೆ.

ಶೈಲಾ ಬಾಗಿಲಿಗೆ ಒರಗಿ ಕೇಳಿದಳು: “ರೀ, ಪೈಪ್ ಕೊಡ್ಲೇನು?”

“ಬ್ಯಾಡ” ಎಂದೆ. ತಗ್ಗಿನ ನೀರನ್ನು ಸೈಫನ್ ಮೇಲಕ್ಕೆತ್ತುವುದಿಲ್ಲ. ಆ ಹಬ್ಬದಲ್ಲಿ ನನಗೆ ಸರಿಯಾಗಿ ಗೊತ್ತಿದ್ದದ್ದು ಅದೊಂದೇ!